ಬದುಕಿದ್ದವರಿಗೆ ‘ದಿ.’ ಹಾಕಿದ ಶನಿವಾರ

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನನ್ನ ಅಂಗಡಿ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಒಂದು ಗೋಡೆಗೆ ಕಂಪ್ಯೂಟರ್ ರಿಪೇರಿ ಟೇಬಲ್ಲು, ಎದುರು ಗೋಡೆಗೆ ಕೆತ್ತನೆ ಮೆಷಿನ್ನು. ‘ಇದೆಂತ ಜೋಡಿ ಮಾರಾಯ್ರೆ?’ ಎಂದು ಊರಿನಿಂದ ಬಂದವರು ಕೇಳುತ್ತಾರೆ. ಬಾಡಿಗೆ ಕಾರಣ, ಬೇರೇನಿಲ್ಲ. ಮಾವ ಪ್ಯಾಂಟೋಗ್ರಾಫ್ ಮೆಷಿನ್ನಿನಲ್ಲಿ, ಅಂದರೆ ಅಚ್ಚಿನ ಅಕ್ಷರದ ಮೇಲೆ ಕಡ್ಡಿ ಆಡಿಸಿದರೆ ಅದೇ ಆಕಾರ ಕೆತ್ತುವ ಮೆಷಿನ್ನಿನಲ್ಲಿ, ಹಿತ್ತಾಳೆ ನೇಮ್‌ಪ್ಲೇಟ್ ಕೆತ್ತುತ್ತಿದ್ದರು, ನಾನು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ರಿಪೇರಿ ಕಲಿತು ಬಂದೆ, ಇಬ್ಬರಿಗೂ ಬೇರೆ ಬೇರೆ ಗಾಳಾ (ಅಂಗಡಿ ಕೋಣೆ) ಹಿಡಿಯುವ ತಾಕತ್ತು ಇರಲಿಲ್ಲ. ಮಳೆಗಾಲದಲ್ಲಿ ನೀರು ಕುಡಿದ ಲ್ಯಾಪ್‌ಟಾಪ್‌ಗಳು ಬರುತ್ತವೆ, ಚಳಿಗಾಲದಲ್ಲಿ ಟ್ರೋಫಿ, ಸ್ಮರಣಿಕೆ. ಒಂದು ಕೈಕೊಟ್ಟಾಗ ಇನ್ನೊಂದು ಅನ್ನ ಹಾಕುತ್ತದೆ.

ಆದರೆ ಎರಡೂ ಒಂದೇ ಕೋಣೆಯಲ್ಲಿದ್ದರೆ ಒಂದಕ್ಕೊಂದು ಶತ್ರು ಎಂದು ಕಲಿಯಲು ನನಗೆ ಒಬ್ಬ ಗಿರಾಕಿಯ ಲ್ಯಾಪ್‌ಟಾಪ್ ಖರ್ಚಾಯಿತು. ಹಿತ್ತಾಳೆ ಕೆತ್ತಿದಾಗ ಕೂದಲಿನಷ್ಟು ಸಣ್ಣ ಚೂರುಗಳು ಹಾರುತ್ತವೆ. ಅಂಗಿಯ ತೋಳಿಗೆ ಅಂಟಿಕೊಂಡ ಒಂದು ಚೂರು, ಬಿಚ್ಚಿಟ್ಟಿದ್ದ ಮದರ್‌ಬೋರ್ಡಿನ ಮೇಲೆ ಬಿತ್ತು. ನಾನು ನೋಡಲಿಲ್ಲ. ಬ್ಯಾಟರಿ ಸಿಕ್ಕಿಸಿದೆ, ಚಟ್ ಅಂತ ಒಂದು ಕಿಡಿ. ಆಮೇಲೆ ಮಧ್ಯದಲ್ಲಿ ದಪ್ಪ ಪರದೆ ಹಾಕಿಸಿದೆ, ಬದಿ ಬದಲಾಯಿಸುವಾಗ ಏಪ್ರನ್ ಕೂಡ ಬದಲಾಯಿಸುತ್ತೇನೆ. ಬೆಳಕಿನಿಂದ ಸುಟ್ಟು ಕೆತ್ತುವ ಲೇಸರ್ ಮೆಷಿನ್ನು ಬಂದ ಮೇಲೆ ಚೂರಿನ ಕಾಟ ಕಡಿಮೆಯಾಯಿತು, ಹೊಗೆಯ ಕಾಟ ಶುರುವಾಯಿತು. ಕೆಲವರು ಪಿವಿಸಿ ಶೀಟ್ ತಂದು ‘ಇದರ ಮೇಲೇ ಹೊಡೀರಿ, ಅಗ್ಗ’ ಅನ್ನುತ್ತಾರೆ. ಅದರ ಹೊಗೆಯಲ್ಲಿ ಆಸಿಡ್ ಇರುತ್ತದೆ, ನನ್ನ ಎದೆಗೂ ಕೆಟ್ಟದ್ದು, ಮೆಷಿನ್ನಿಗೂ ಪಕ್ಕದಲ್ಲಿರುವ ಕಂಪ್ಯೂಟರಿಗೂ ತುಕ್ಕು. ಎಷ್ಟು ದುಡ್ಡು ಕೊಟ್ಟರೂ ಮಾಡುವುದಿಲ್ಲ.

ಈಗ ಆ ಶನಿವಾರಕ್ಕೆ ಬರುತ್ತೇನೆ. ಭಾನುವಾರ ಇಲ್ಲಿನ ಒಂದು ಕನ್ನಡ ಸಂಘದ ರಾಜ್ಯೋತ್ಸವ, 36 ಸ್ಮರಣಿಕೆ ಆರ್ಡರ್. ಸುತ್ತಮುತ್ತ ಟ್ರೋಫಿ ಅಂಗಡಿಗಳು ಬೇಕಾದಷ್ಟಿವೆ, ದೇವನಾಗರಿ ಅವರಿಗೆ ನೀರು ಕುಡಿದಷ್ಟು ಸುಲಭ. ಕನ್ನಡ ಎಂದ ಕೂಡಲೇ ನನ್ನ ಕಡೆ ಕೈ ತೋರಿಸುತ್ತಾರೆ. ತಪ್ಪು ಅವರದ್ದಲ್ಲ. ಮೊಬೈಲಿನಲ್ಲಿ ಟೈಪ್ ಮಾಡಿದ ಕನ್ನಡ ಯೂನಿಕೋಡ್ ಎಂಬ ಈಗಿನ ಅಕ್ಷರ ಪದ್ಧತಿಯಲ್ಲಿರುತ್ತದೆ. ಅದನ್ನು ಡಿಸೈನ್ ಮಾಡುವ ಹಳೆಯ ಸಾಫ್ಟ್‌ವೇರ್ ಕೋರೆಲ್‌ಡ್ರಾಗೆ ತಂದು ಹಾಕಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿ. ‘ಶ್ರೀ’ ಅನ್ನುವುದು ಶ ಒಂದು ಕಡೆ, ರ ಒಂದು ಕಡೆ, ದೀರ್ಘ ಇನ್ನೊಂದು ಕಡೆ, ಜಗಳ ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ. ಓದಲು ಬಾರದವನು ಅದೇ ಕನ್ನಡ ಅಂದುಕೊಂಡು ಕೆತ್ತಿಬಿಡುತ್ತಾನೆ. ನಾನು ಅದನ್ನು ನುಡಿ ಫಾಂಟಿಗೆ ಬದಲಾಯಿಸಿ, ಆಮೇಲೆ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರಗಳನ್ನು ಗೆರೆಗಳನ್ನಾಗಿ ಮಾಡುತ್ತೇನೆ. ಗೆರೆಯಾದ ಮೇಲೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೂ ಅಕ್ಷರ ಕೆಡುವುದಿಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಹೆಸರುಗಳು. ಸಂಘದ ಹುಡುಗರು ಇಲ್ಲೇ ಹುಟ್ಟಿ ಬೆಳೆದವರು, ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಬರೆಯಲು ಬರುವುದಿಲ್ಲ. ಪಟ್ಟಿ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ. ಅದರಲ್ಲಿ ಲ ಯಾವುದು ಳ ಯಾವುದು, ನ ಯಾವುದು ಣ ಯಾವುದು? ಸಾಲ್ಯಾನ್ ಎಂದು ಬರೆಯಬೇಕೋ ಸಾಲಿಯಾನ್ ಎಂದೋ? ಮನೆಯವರನ್ನೇ ಕೇಳಬೇಕು. ಸಂಘದ ಕಾರ್ಯದರ್ಶಿಯ ಹೆಂಡತಿ, ನಾವೆಲ್ಲ ಅಕ್ಕ ಅನ್ನುತ್ತೇವೆ, ಅವರಿಗೆ ಇಡೀ ಡೊಂಬಿವಲಿಯ ಕನ್ನಡಿಗರ ವಂಶಾವಳಿ ಬಾಯಿಪಾಠ. ಶುಕ್ರವಾರ ಸಂಜೆ 36 ಹೆಸರಿನ ಪ್ರಿಂಟ್ ಅವರ ಕೈಗೆ ಕೊಟ್ಟೆ. ಕೆಂಪು ಪೆನ್ನಿನಲ್ಲಿ ಐದು ಕಡೆ ತಿದ್ದಿದರು. ತಿದ್ದಿ, ಸೇವ್ ಮಾಡಿ, ನೆಮ್ಮದಿಯಿಂದ ಮನೆಗೆ ಹೋದೆ.

ಶನಿವಾರ ಬೆಳಿಗ್ಗೆ ಮೆಷಿನ್ನಿನ ಕಂಪ್ಯೂಟರ್ ಆನ್ ಆಗಲಿಲ್ಲ. ಹಾರ್ಡ್‌ಡಿಸ್ಕ್ ಒಳಗಿನಿಂದ ಟಿಕ್... ಟಿಕ್... ಟಿಕ್.

ಈ ಸದ್ದು ಬಂದರೆ ಏನು ಮಾಡಬಾರದು ಎಂದು ನಾನು ದಿನಾ ಜನರಿಗೆ ಹೇಳುತ್ತೇನೆ. ಮತ್ತೆ ಮತ್ತೆ ಆನ್ ಮಾಡಬೇಡಿ, ಒಳಗಿನ ಹೆಡ್ ತಟ್ಟೆಯನ್ನು ಕೆರೆದರೆ ಇರುವ ಡೇಟಾ ಕೂಡ ಹೋಗುತ್ತದೆ, ಫ್ರಿಜ್ಜಿನಲ್ಲಿಡುವ ನಾಟಿ ವೈದ್ಯ ಬೇಡ. ಗೋಡೆಯ ಮೇಲೆ ಬೋರ್ಡ್ ಬೇರೆ ಇದೆ, ಬ್ಯಾಕಪ್ ನಿಮ್ಮ ಜವಾಬ್ದಾರಿ ಅಂತ, ನಾನೇ ಅಕ್ರಿಲಿಕ್ ಮೇಲೆ ಕೆತ್ತಿದ್ದು. ಅದರ ಕೆಳಗೇ ನಿಂತು ನಾಲ್ಕು ಸಲ ಆನ್ ಮಾಡಿದೆ. ಬ್ಯಾಕಪ್? ಇರಲಿಲ್ಲ ಸ್ವಾಮಿ. ಬಡಗಿಯ ಮನೆಯ ಬಾಗಿಲು ಹೇಗಿರುತ್ತದೆ, ಹಾಗೆ. ಬಿಚ್ಚಿ ನೋಡಿದರೆ ಫ್ಯಾನಿನ ತುಂಬ ಕಪ್ಪು ಜಿಡ್ಡು, ವರ್ಷಗಟ್ಟಲೆ ಮರ ಸುಟ್ಟ ಹೊಗೆ. ಪಾಪ, ಉಸಿರೇ ಕಟ್ಟಿತ್ತು ಅದಕ್ಕೆ.

ಹಾರ್ಡ್‌ಡಿಸ್ಕಿನ ಬದಲು ಹೊಸ ಎಸ್‌ಎಸ್‌ಡಿ ತಂದು, ವಿಂಡೋಸ್ ಹಾಕಿ, ಫಾಂಟ್ ಹಾಕಿ, ಮೆಷಿನ್ನಿನ ಸಾಫ್ಟ್‌ವೇರ್ ಹಾಕಿ ಮುಗಿಸುವಾಗ ಮಧ್ಯಾಹ್ನ ಎರಡು ಗಂಟೆ. ಅಕ್ಕ ತಿದ್ದಿದ ಪ್ರಿಂಟ್ ಕಸದ ಬುಟ್ಟಿಯಲ್ಲಿ ಸಿಕ್ಕಿತು, ಅಷ್ಟು ಪುಣ್ಯ. ಅದನ್ನು ನೋಡಿ 36 ಫಲಕವನ್ನೂ ಮತ್ತೆ ಮಾಡಿದೆ. ಒಂದರ ಕಾಪಿ ತೆಗೆದು ಹೆಸರು ಬದಲಾಯಿಸುವುದು, ಅದರ ಕಾಪಿ, ಮತ್ತೆ ಹೆಸರು. ಒಂದೊಂದಕ್ಕೆ ಮೆಷಿನ್ನು ನಾಲ್ಕು ನಿಮಿಷ. ಕೊನೆಯದಕ್ಕೆ ಟೇಪ್ ಅಂಟಿಸುವಾಗ ಏಳು ಗಂಟೆ, ರಿಕ್ಷಾ ಬಾಗಿಲಲ್ಲಿ.

ಅಕ್ಕ ಸ್ಟೂಲಿನ ಮೇಲೆ ಕೂತು ಪೇಪರ್ ಸುತ್ತಿ ಡಬ್ಬಕ್ಕೆ ಹಾಕುತ್ತಿದ್ದರು. ಒಂದನ್ನು ಕೈಯಲ್ಲಿ ಹಿಡಿದವರು ಹಾಗೇ ನಿಂತರು. ಕನ್ನಡಕ ಒರೆಸಿ ಮತ್ತೆ ನೋಡಿದರು.

‘ಇವರು ಯಾವಾಗ ಹೋದ್ರು? ಬೆಳಿಗ್ಗೆ ಸ್ಟೇಷನ್ನಿನಲ್ಲಿ ನೋಡಿದ್ನಲ್ಲ!’

ಪಟ್ಟಿಯಲ್ಲಿ ತೀರಿಕೊಂಡವರು ಒಬ್ಬರೇ, ಅವರ ಮಗ ಸ್ವೀಕರಿಸುವವರಿದ್ದರು. ಅವರ ಫಲಕದ ಕಾಪಿ ತೆಗೆದು ಮುಂದಿನ ಹೆಸರು ಹಾಕಿದಾಗ ಹಿಂದಿದ್ದ ‘ದಿ.’ ಹಾಗೇ ಉಳಿದಿತ್ತು. ಒಂದಕ್ಷರ, ಒಂದು ಚುಕ್ಕಿ. ಎಪ್ಪತ್ತೆಂಟರ ಆ ಹಿರಿಯರು ದಿನಾ ಬೆಳಿಗ್ಗೆ ಮೂರು ಕಿಲೋಮೀಟರ್ ನಡೆಯುತ್ತಾರೆ. ಶುಕ್ರವಾರದ ಪ್ರಿಂಟನ್ನು ಅಕ್ಕ ನೋಡಿದ್ದರು, ಸರಿಯಿತ್ತು. ಶನಿವಾರ ಹೊಸದಾಗಿ ಮಾಡಿದ್ದನ್ನು ಯಾರೂ ನೋಡಿರಲಿಲ್ಲ.

ಕಂಪ್ಯೂಟರಿನಲ್ಲಾದರೆ ಕಂಟ್ರೋಲ್ ಝಡ್ ಇದೆ. ಕೆತ್ತಿದ ಮೇಲೆ ಏನಿದೆ? ನನ್ನ ಅದೃಷ್ಟಕ್ಕೆ ಮಾವ ಕಲಿಸಿದ ಒಂದು ಬುದ್ಧಿ ಕೆಲಸಕ್ಕೆ ಬಂತು. ಮರದ ಮೇಲೆ ನೇರ ಕೆತ್ತಬೇಡ, ಬೇರೆ ತಗಡಿನಲ್ಲಿ ಕೆತ್ತಿ ಅಂಟಿಸು. ಈಗ ತಗಡಿನ ಬದಲು ಡಬಲ್ ಕಲರ್ ಶೀಟ್, ಮೇಲೆ ಬಂಗಾರದ ಬಣ್ಣ, ಕೆರೆದರೆ ಒಳಗೆ ಕಪ್ಪು. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಮೀನು ಹಿಡಿಯುವ ನೂಲನ್ನು ಕೆಳಗೆ ತೂರಿಸಿ ಗರಗಸದ ಹಾಗೆ ಎಳೆದೆ. ಬಿಟ್ಟುಕೊಂಡಿತು. ಶೀಟಿನ ಅಂಚಿನಲ್ಲಿ ಒಂದು ಫಲಕಕ್ಕೆ ಸರಿಯಾಗುವಷ್ಟೇ ಚೂರು ಉಳಿದಿತ್ತು. ಅದರಲ್ಲೂ ತಪ್ಪಿದ್ದರೆ ಅವತ್ತು ನನ್ನ ಹೆಸರಿನ ಹಿಂದೆಯೇ ‘ದಿ.’ ಬೀಳುತ್ತಿತ್ತು. ಈಗ ಹತ್ತಕ್ಕೆ ಒಂದರಂತೆ ಜಾಸ್ತಿ ಶೀಟ್ ಲೆಕ್ಕ ಹಾಕಿಯೇ ರೇಟು ಹೇಳುತ್ತೇನೆ. ಫೈಲುಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮನೆಗೆ ಬರುತ್ತದೆ, ಮೆಷಿನ್ನಿನ ಕಂಪ್ಯೂಟರ್, ಮಧ್ಯದ ದಪ್ಪ ಪರದೆ ದಾಟಿ ರಿಪೇರಿ ಟೇಬಲ್ಲಿನ ಕಡೆಗೆ ಬಂದಿದೆ.

ಕಿತ್ತ ಫಲಕವನ್ನು ಅಕ್ಕ ಎರಡು ತುಂಡು ಮಾಡಿ ಪರ್ಸಿಗೆ ಹಾಕಿಕೊಂಡು ಹೋದರು, ಯಾರ ಕೈಗೂ ಸಿಗಬಾರದು ಅಂತ. ಬಾಕಿ ದುಡ್ಡು ಡಿಸೆಂಬರಿನಲ್ಲಿ ಬಂತು. ಮುಂದಿನ ವರ್ಷದ ಪ್ರಿಂಟ್ ಕಳಿಸಿದಾಗ ಕಾರ್ಯದರ್ಶಿಯವರ ಫೋನು: ‘ಎಲ್ಲ ಬದುಕಿದ್ದಾರಲ್ವಾ ಮಾರಾಯ್ರೆ?’