ಏಪ್ರಿಲ್ ಬಿಸಿಲಲ್ಲಿ ಜಕ್ಕೂರಿಂದ ಮೈಸೂರಿಗೆ: ಆಯಿಲ್ ಗೇಜ್ ಮೇಲೊಂದು ಕಣ್ಣಿರಲಿ

ಸೆಸ್ನಾ 172 ಅನ್ನೋ ಸಣ್ಣ ಒಂಟಿ ಇಂಜಿನ್ ವಿಮಾನದಲ್ಲಿ ಬೆಂಗಳೂರಿನ ಜಕ್ಕೂರಿಂದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹೋಗಿಬರುವ ಪ್ಲಾನ್ ಇದೆಯಾ? ಅದೂ ಏಪ್ರಿಲ್‌ನಲ್ಲಿ? ದಾರಿ ಸುಲಭ. ರಾಮನಗರದ ಬಂಡೆಗಳು, ಆಮೇಲೆ ಮಂಡ್ಯದ ಗದ್ದೆಗಳು, ಅಷ್ಟರಲ್ಲಿ ಚಾಮುಂಡಿ ಬೆಟ್ಟ ಕಂಡೇಬಿಡುತ್ತೆ. ತಲೆನೋವು ಇರೋದು ಇಂಜಿನ್ ಆಯಿಲ್ ಬಿಸಿಯದ್ದು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. 35 ಡಿಗ್ರಿ ಬಿಸಿಲಿದ್ದರೆ ನೆಲದ ಮೇಲಿನ ಗಾಳಿಯೇ 6000 ಅಡಿ ಎತ್ತರದ ಗಾಳಿಯಷ್ಟು ತೆಳ್ಳಗಿರುತ್ತೆ. ವಿಮಾನ ನಿಧಾನಕ್ಕೆ ಏರುತ್ತೆ, ಇಂಜಿನ್ ಜಾಸ್ತಿ ಹೊತ್ತು ಫುಲ್ ಪವರ್‌ನಲ್ಲಿ ದುಡಿಯುತ್ತೆ, ಆಯಿಲ್ ತಣಿಸೋ ಕೂಲರ್‌ಗೆ ಸಿಗೋದು ತೆಳು ಗಾಳಿ, ಅದೂ ಬಿಸಿ. ಹಾಗಾಗಿ ಬೆಳಗ್ಗೆ ಬೇಗ ಹೊರಡಿ.

ಆಯಿಲ್ ಬಿಸಿಯಾಗೋಕೆ ಶುರುವಾಗೋದು ನೆಲದ ಮೇಲೇ. ಜಕ್ಕೂರಿನ ಪಕ್ಕದಲ್ಲೇ ಯಲಹಂಕ ವಾಯುನೆಲೆ, ಆಚೆ ಕೆಂಪೇಗೌಡ ವಿಮಾನ ನಿಲ್ದಾಣ. ಕ್ಲಿಯರೆನ್ಸ್‌ಗೆ ಕಾಯಬೇಕಾಗಬಹುದು. ಎಡಿಸಿ (ವಾಯುರಕ್ಷಣಾ ಅನುಮತಿ), ಎಫ್‌ಐಸಿ (ವಿಮಾನ ಮಾಹಿತಿ ಕೇಂದ್ರ) ನಂಬರ್ ಎರಡೂ ಕೈಗೆ ಬಂದ ಮೇಲೇ ಇಂಜಿನ್ ಸ್ಟಾರ್ಟ್ ಮಾಡಿ. ಕಾಯಲೇಬೇಕಾದರೆ ಮೂತಿ ಗಾಳಿಗೆ ಎದುರಾಗಿರಲಿ. ಹೊರಡುವ ಮುಂಚೆ ಕೌಲಿಂಗ್ (ಇಂಜಿನ್ ಮುಚ್ಚಳ) ಒಳಗೆ ಟಾರ್ಚ್ ಬಿಟ್ಟು ನೋಡಿ: ಗಾಳಿಗೆ ದಾರಿ ತೋರಿಸೋ ತಗಡುಗಳಾದ ಬ್ಯಾಫಲ್‌ಗಳ ರಬ್ಬರ್ ಅಂಚು ಹಿಂದಕ್ಕೆ ಮಡಚಿಕೊಂಡಿದ್ದರೆ ಗಾಳಿ ಕೂಲರ್‌ಗೆ ಹೋಗದೆ ಸಂದಿಯಲ್ಲಿ ಸೋರಿಹೋಗುತ್ತೆ. ಇದನ್ನು ಎಷ್ಟೋ ಜನ ನೋಡೋದೇ ಇಲ್ಲ, ಸುಮ್ನೆ ಗೇಜ್ ಸರಿಯಿಲ್ಲ ಅಂತಾರೆ.

ನಮ್ಮ ವಿಮಾನದಲ್ಲಿ ಗೇಜಿನ ಕೆಂಪು ಗೆರೆ 245 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 118 ಸೆಲ್ಸಿಯಸ್. ಒಂದು ಸಲ ಜಕ್ಕೂರು ಬಿಟ್ಟು ಏರುವಾಗ ಮುಳ್ಳು ಹಸಿರು ಪಟ್ಟಿಯ ಮುಕ್ಕಾಲು ಭಾಗ ದಾಟಿ ಇನ್ನೂ ಮೇಲಕ್ಕೆ ಹೋಗ್ತಾ ಇತ್ತು. ಮೂತಿ ಸ್ವಲ್ಪ ತಗ್ಗಿಸಿದೆ, 74 ನಾಟ್ ಇದ್ದ ವೇಗವನ್ನು 85ಕ್ಕೆ ತಂದೆ. ಏರೋದು ನಿಧಾನ ಆಯ್ತು, ಆದರೆ ಕೂಲರ್‌ಗೆ ಗಾಳಿ ಜಾಸ್ತಿ ಸಿಕ್ಕಿ ಮುಳ್ಳು ನಿಂತಿತು. ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ. ಏರುವಾಗ ಮಿಕ್ಸ್ಚರನ್ನು (ಪೆಟ್ರೋಲ್-ಗಾಳಿ ಮಿಶ್ರಣ) ಹ್ಯಾಂಡ್‌ಬುಕ್ ಹೇಳಿದ್ದಕ್ಕಿಂತ ಜಾಸ್ತಿ ಲೀನ್ ಮಾಡಬೇಡಿ, ಅಂದರೆ ಪೆಟ್ರೋಲ್ ಕಡಿಮೆ ಮಾಡಬೇಡಿ, ಪೆಟ್ರೋಲ್ ಉಳಿಸೋ ಜಾಗ ಅದಲ್ಲ. ಏರೋದು ಮುಗಿದು ಕ್ರೂಸ್‌ಗೆ ಬಂದ ಮೇಲೆ ಆಯಿಲ್ ಬಿಸಿ ತಾನಾಗೇ ಇಳಿಯುತ್ತೆ. ಬಿಸಿ ಏರ್ತಾ ಆಯಿಲ್ ಪ್ರೆಶರ್ ಬೀಳ್ತಾ ಇದ್ದರೆ ಮಾತ್ರ ಯೋಚನೆ ಮಾಡ್ತಾ ಕೂರಬೇಡಿ, ಹತ್ತಿರ ಎಲ್ಲಿ ಆಗುತ್ತೋ ಅಲ್ಲಿ ಇಳಿಸಿ.

ನಿಜವಾದ ಪರೀಕ್ಷೆ ವಾಪಸ್ ಬರುವಾಗ. ಊಟ ಮುಗಿಸಿ ಬರುವ ಹೊತ್ತಿಗೆ ಮಧ್ಯಾಹ್ನ ಎರಡು, ವಿಮಾನ ಬಿಸಿಲಲ್ಲಿ ನಿಂತಿರುತ್ತೆ, ಕೌಲಿಂಗ್ ಮುಟ್ಟೋಕಾಗಲ್ಲ. ಒಂದೋ ಬೆಳಗ್ಗೆ ಹತ್ತು ಗಂಟೆಯೊಳಗೆ ವಾಪಸ್ ಹೊರಡಿ, ಇಲ್ಲಾಂದ್ರೆ ಸಂಜೆವರೆಗೆ ಕಾಯಿರಿ. ಆದರೆ ಜಕ್ಕೂರು ಮುಚ್ಚೋ ಹೊತ್ತನ್ನು ಮೊದಲೇ ಕೇಳಿಕೊಳ್ಳಿ.

ಆಯಿಲ್ ಮಟ್ಟವನ್ನು ಮೈಸೂರಲ್ಲಿ ಮತ್ತೆ ನೋಡಿ. ಇಳಿದ ತಕ್ಷಣ ಡಿಪ್‌ಸ್ಟಿಕ್ ಎಳೆದರೆ ಕಡಿಮೆ ತೋರಿಸುತ್ತೆ, ಆಯಿಲ್ ಪೂರ್ತಿ ಕೆಳಗಿಳಿದಿರಲ್ಲ. ಕಾಲು ಗಂಟೆ ಬಿಡಿ. ಕಡಿಮೆ ಆಯಿಲ್ ಬೇಗ ಕಾಯುತ್ತೆ, ಹಾಗಾಗಿ ಕನಿಷ್ಠ ಗೆರೆ ಹತ್ತಿರ ಇಟ್ಟುಕೊಂಡು ಹೊರಡಬೇಡಿ. ಅದೇ ಗ್ರೇಡಿನ ಒಂದೆರಡು ಡಬ್ಬಿ ಹಿಂದಿನ ಸೀಟಿನ ಹತ್ತಿರ ಕಟ್ಟಿಡಿ, ಅಲ್ಲೇ ಸಿಗುತ್ತೆ ಅಂತ ನಂಬಿಕೊಂಡು ಹೋಗಬೇಡಿ.