ಬೆದೆಗೆ ಬಂದ ಚುಕ್ಕಿ, ಬೀಜ ತೆಗೆಸಿದ ಕರಿಯ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಯ ಗಂಡು ಬೆಕ್ಕು ಕರಿಯನಿಗೆ ಎರಡು ವರ್ಷಗಳ ಹಿಂದೆಯೇ ಬೀಜ ತೆಗೆಸಿದ್ದರಿಂದ, ಆರು ತಿಂಗಳ ಹೆಣ್ಣು ಬೆಕ್ಕು ಚುಕ್ಕಿಗೆ ಮರಿಯಾಗದಂತೆ ಮಾಡಿಸುವ ಆಪರೇಷನ್ನಿಗೆ ಅವಸರವೇನಿಲ್ಲ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಮಾರ್ಚ್ ತಿಂಗಳ ಒಂದು ರಾತ್ರಿ ಅವಳು ಎಳೆಗೂಸಿನಂತೆ ಒಂದೇ ಸಮನೆ ಕೂಗುತ್ತ, ಮುಂಗಾಲು ಮಡಚಿ, ಹಿಂಭಾಗವನ್ನೆತ್ತಿ, ಬಾಲವನ್ನು ಪಕ್ಕಕ್ಕೆ ಸರಿಸಿ ಹೊರಳಾಡತೊಡಗಿದಳು. ಪಕ್ಕದ ಮನೆಯ ಅಜ್ಜಿ ಹೊಟ್ಟೆನೋವಿರಬೇಕೆಂದು ಓಮದ ನೀರು ಕುಡಿಸಲು ಹೇಳಿದರು, ನಾನು ಕುಡಿಸಲಿಲ್ಲ. ಬೆಕ್ಕುಗಳಿಗೆ ನಾಯಿಗಳಂತೆ ರಕ್ತ ಹೋಗುವುದಿಲ್ಲವಾದ್ದರಿಂದ, ಇದು ಬೆದೆಯೆಂದು ತಿಳಿಯಲು ನನಗೂ ಒಂದು ದಿನ ಹಿಡಿಯಿತು.

ಅಚ್ಚರಿಯಾದದ್ದು ಕರಿಯ ಅವಳ ಕುತ್ತಿಗೆ ಕಚ್ಚಿ ಮೇಲೇರಿದಾಗ. ಬೀಜ ತೆಗೆಸಿದ ಮೇಲೂ ಕೆಲವು ಗಂಡುಗಳಲ್ಲಿ ಈ ಚಾಳಿ ಉಳಿಯುತ್ತದೆ, ಆಪರೇಷನ್ ಆದ ಮೊದಲ ಕೆಲವು ವಾರ ದೇಹದಲ್ಲಿ ಉಳಿದ ವೀರ್ಯಾಣುಗಳಿಂದ ಗರ್ಭ ನಿಲ್ಲುವ ಸಾಧ್ಯತೆಯಿರುವುದರಿಂದ ಆಗ ಮಾತ್ರ ಬೇರೆಯಿಡಬೇಕು, ಎರಡು ವರ್ಷದ ನಂತರ ಆ ಭಯವಿಲ್ಲ ಎಂದು ಪಶುವೈದ್ಯರು ವಿವರಿಸಿದರು. ಹೆಣ್ಣು ಬೆಕ್ಕಿನಲ್ಲಿ ಸಾಮಾನ್ಯವಾಗಿ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುತ್ತದೆ. ಅದಾಗದಿದ್ದರೆ ಸುಮಾರು ಒಂದು ವಾರ ಇರುವ ಬೆದೆ ಎರಡು ಮೂರು ವಾರಗಳಲ್ಲಿ ಮತ್ತೆ ಮರಳುತ್ತದೆ. ಬೆಕ್ಕಿನ ಬೆದೆಯನ್ನು ನಿಯಂತ್ರಿಸುವುದು ಹಗಲಿನ ಉದ್ದ, ಹಗಲು ತೀರ ಚಿಕ್ಕದಾದಾಗ ಬೆದೆ ನಿಲ್ಲುತ್ತದೆ. ಚಳಿಗಾಲದಲ್ಲೂ ಹಗಲು ಹನ್ನೊಂದು ಗಂಟೆಗಿಂತ ಕಡಿಮೆಯಾಗದ ನಮ್ಮ ಸೀಮೆಯಲ್ಲಿ, ತಂಪು ದೇಶಗಳ ಬೆಕ್ಕುಗಳಿಗೆ ಸಿಗುವಂಥ ದೀರ್ಘ ಬಿಡುವನ್ನು ನಂಬಿ ಕೂರುವಂತಿಲ್ಲ.

ನಿಜವಾದ ಅಪಾಯ ಕರಿಯನಲ್ಲ, ತಾರಸಿಯ ಮೇಲೆ ಬಂದು ಕುಳಿತ ಬೀದಿಯ ಗಂಡು. ಅದರ ವಾಸನೆಗೆ ಕೆರಳಿದ ಕರಿಯ ಕಿಟಕಿಯ ಪರದೆಗೆ ಉಚ್ಚೆ ಸಿಡಿಸಿದ. ಕಿಟಕಿ ಮುಚ್ಚಿದರೆ ಮಾರ್ಚ್ ತಿಂಗಳ ಸೆಕೆ, ತೆರೆದರೆ ಚುಕ್ಕಿ ಮಾಯ. ಕೊನೆಗೆ ಬಡಗಿಯನ್ನು ಕರೆಸಿ ತಂತಿ ಜಾಲರಿ ಹೊಡೆಸಿದೆ. ರಾತ್ರಿ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿರಿಸಿ, ಇಬ್ಬರಿಗೂ ಪ್ರತ್ಯೇಕ ಮರಳಿನ ತಟ್ಟೆಯನ್ನಿಟ್ಟೆ. ಕೂಗಂತೂ ನಿಲ್ಲಲಿಲ್ಲ. ಬೆದೆ ತಡೆಯುವ ಹಾರ್ಮೋನ್ ಮಾತ್ರೆ ಕೊಡಿಸಬಹುದಲ್ಲವೇ ಎಂದು ಕೇಳಿದೆ. ಅದರಿಂದ ಗರ್ಭಕೋಶದಲ್ಲಿ ಕೀವಾಗುವ ಅಪಾಯವಿದೆಯೆಂದು ವೈದ್ಯರು ಬೇಡವೆಂದರು.

ಬೆದೆಯಲ್ಲಿರುವಾಗ ಗರ್ಭಕೋಶದ ರಕ್ತನಾಳಗಳು ಉಬ್ಬಿರುತ್ತವೆ. ಆಗಲೂ ಆಪರೇಷನ್ ಮಾಡಬಹುದಾದರೂ, ಮುಗಿಯುವವರೆಗೆ ಕಾಯೋಣವೆಂದರು. ಕೂಗು ನಿಂತ ಹತ್ತು ದಿನಗಳ ಬಳಿಕ ಚುಕ್ಕಿಯ ಆಪರೇಷನ್ ನಡೆಯಿತು. ಆಸ್ಪತ್ರೆಯ ವಾಸನೆ ಹೊತ್ತು ಮನೆಗೆ ಬಂದ ಅವಳನ್ನು ಕಂಡು ಕರಿಯ ಗುರುಗುಟ್ಟಿದ್ದರಿಂದ, ಬೆದೆಗಾಗಿ ಮಾಡಿದ್ದ ಬೇರೆ ಕೋಣೆಯ ಏರ್ಪಾಡನ್ನು ಇನ್ನೂ ಎರಡು ದಿನ ಮುಂದುವರಿಸಬೇಕಾಯಿತು.