ನಿಮ್ಮ ತಲೆ ಹಿಂದೆ ಏನಾಗಿದೆ ಅಂತ ಮೊದಲು ಗೊತ್ತಾಗೋದು ನಂಗೆ

ಯುಗಾದಿಗೆ ಮುಂಚಿನ ಭಾನುವಾರ, ಬೆಂಚಲ್ಲಿ ಐದು ಜನ ಕೂತ್ಕೊಂಡು ಪೇಪರ್ ಮಗುಚ್ತಾ ಇದಾರೆ, ಚೇರಲ್ಲಿ ಸಾಫ್ಟ್‌ವೇರ್ ಹುಡುಗ ಒಬ್ಬ, ಹತ್ತು ದಿನಕ್ಕೆ ಎಂಗೇಜ್‌ಮೆಂಟು, ಫೇಡ್ ಕಟ್ ಬೇಕಂತೆ, ಅಂದ್ರೆ ಪಕ್ಕದಲ್ಲಿ ಹಿಂದೆ ಕೆಳಗೆ ಹೋಗ್ತಾ ಹೋಗ್ತಾ ತೀರಾ ಸಣ್ಣಗೆ. ಹಿಂದಿನಿಂದ ಮಷಿನ್ ಹಾಕ್ಕೊಂಡು ಮೇಲೆ ಬರ್ತಾ ಇದೀನಿ, ಕೂದಲು ಎತ್ತಿ ನೋಡಿದ್ರೆ ಎಡಗಿವಿ ಹಿಂದೆ ಎರಡು ರೂಪಾಯಿ ಕಾಯಿನ್ ಅಗಲ ಬೋಳು, ಮಗು ಕೆನ್ನೆ ಥರ ನುಣ್ಣಗೆ. ಅವನಿಗೆ ಗೊತ್ತೇ ಇಲ್ಲ. ತಲೆ ಹಿಂದೆ ಯಾರಿಗೆ ಕಣ್ಣಿದೆ ಹೇಳಿ. ಮಷಿನ್ ಆಫ್ ಮಾಡ್ದೆ.

ಬೆಂಗಳೂರಿನ ಕತ್ರಿಗುಪ್ಪೇಲಿ ಕಟಿಂಗ್ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯ್ತು, ಇಂಥದ್ದನ್ನ ಗುರುತು ಹಿಡಿಯೋದು ಈಗ ಕಷ್ಟ ಅಲ್ಲ, ಬೆಂಚಲ್ಲಿರೋರ ಕಿವಿಗೆ ಬೀಳದ ಹಾಗೆ ಹೇಳೋದೇ ಕಷ್ಟ. "ತಲೇಲಿ ಏನೋ ಆಗಿದೆ" ಅಂದ್ರೆ ಸಾಕು, ಪಕ್ಕದವನು ಟವಲ್ ಬೇರೆ ಕೊಡಿ ಅಂತಾನೆ. ಅದಕ್ಕೆ ನಾನೊಂದು ಉಪಾಯ ಇಟ್ಕೊಂಡಿದೀನಿ. "ಸಾರ್ ನಿಮ್ಮ ಫೋನ್ ಕೊಡಿ, ಹಿಂದೆ ಕಟ್ ಹೆಂಗೆ ಬಂದಿದೆ ನೋಡ್ಕೊಳಿ" ಅಂತ ಫೋಟೋ ತೆಗೆದು ಅವರ ಕೈಗೇ ಕೊಡ್ತೀನಿ, ಅವರೇ ನೋಡ್ಕೋತಾರೆ, ಅವರೇ ಕೇಳ್ತಾರೆ. ಹುಡುಗನ ಮುಖ ಬಿಳುಚ್ಕೊಳ್ತು. ಮೆಲ್ಲಗೆ "ಫೇಡ್ ಬೇಡ, ಹಿಂದೆ ಸ್ವಲ್ಪ ಉದ್ದ ಬಿಡ್ತೀನಿ, ಮುಚ್ಕೊಳತ್ತೆ, ನಾಳೆ ಸ್ಕಿನ್ ಡಾಕ್ಟ್ರ ಹತ್ರ ಹೋಗ್ಬನ್ನಿ" ಅಂದೆ.

ಇದಕ್ಕೆ ನಮ್ಮ ಕಡೆ "ಹುಳ ತಿಂದಿದೆ" ಅಂತಾರೆ. ಹುಳಾನೂ ಇಲ್ಲ, ಗಿಳಾನೂ ಇಲ್ಲ. ಡಾಕ್ಟ್ರು ಅಲೋಪೀಶಿಯಾ ಏರಿಯೇಟಾ ಅಂತಾರೆ, ಮೈ ಕಾಯಬೇಕಾದ ಶಕ್ತಿನೇ ಕೂದಲಿನ ಬುಡದ ಮೇಲೆ ತಿರುಗಿ ಬೀಳೋದು, ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಬೋಳಿನ ಅಂಚಲ್ಲಿ ಗಮನವಿಟ್ಟು ನೋಡಿದ್ರೆ ಕೆಲವು ಸಲ ಮೋಟು ಕೂದಲು ಇರತ್ತೆ, ಮೇಲೆ ದಪ್ಪ ಬುಡದಲ್ಲಿ ಸಣ್ಣ, ಅದು ಕಂಡ್ರೆ ನಂಗೆ ಅನುಮಾನಾನೇ ಇರಲ್ಲ. ನಮ್ಮ ತಾತ ಮಾಗಡಿ ಕಡೆ ಹಳ್ಳೀಲಿ ಹುಣಸೆಮರದ ಕೆಳಗೆ ಕ್ಷೌರ ಮಾಡ್ತಿದ್ದವರು, ಮದುವೆ ದಿನಗಳಲ್ಲಿ ವಾಲಗಕ್ಕೂ ಹೋಗೋರು, ಹುಳ ತಿಂದಿದೆ ಅಂತ ಬಂದವರಿಗೆ ಗುಲಗಂಜಿ ತೇಯ್ದು ಹಚ್ಚೋರು. ಗುಲಗಂಜಿ ವಿಷ ಅಂತ ಆಮೇಲೆ ಗೊತ್ತಾಯ್ತು, ಯಾರೂ ಟ್ರೈ ಮಾಡ್ಬೇಡಿ ದಯವಿಟ್ಟು. ಆದ್ರೂ ತಾತಂಗೆ ಒಳ್ಳೇ ಹೆಸರಿತ್ತು, ಯಾಕೆ ಅಂದ್ರೆ ಒಂದೆರಡು ಕಾಯಿನ್ ಅಷ್ಟೇ ಇದ್ರೆ ಎಷ್ಟೋ ಜನಕ್ಕೆ ವರ್ಷದೊಳಗೆ ಕೂದಲು ತಾನಾಗೇ ಬಂದ್ಬಿಡತ್ತೆ. ಕೂದಲು ತಾನಾಗಿ ಬಂತು, ಹೆಸರು ತಾತಂಗೆ ಬಂತು.

ನಾನು ಸರಿಯಾಗಿ ಏಟು ತಿಂದಿದ್ದು ಬೇರೆ ವಿಷಯದಲ್ಲಿ. ಅಂಗಡಿ ಹೊಸದು ಆಗ, ಅಕ್ಕ ಒಬ್ಬರು ಇಬ್ಬರು ಗಂಡು ಮಕ್ಕಳನ್ನ ಕರ್ಕೊಂಡು ಬಂದ್ರು, ದೊಡ್ಡವನಿಗೆ ಏಳು ವರ್ಷ ಇರಬೋದು, ತಲೇಲಿ ಒಂದು ಕಡೆ ಕೂದಲು ಕಮ್ಮಿ, ಬೂದಿ ಉದುರಿಸಿದ ಹಾಗೆ ಪುಡಿ ಪುಡಿ. ಹೊಟ್ಟು ಅನ್ಕೊಂಡು ಮಷಿನ್ ಹೊಡೆದೆ, ಅದೇ ಮಷಿನಲ್ಲೇ ಚಿಕ್ಕವನಿಗೂ ಹೊಡೆದೆ. ಸ್ವಲ್ಪ ದಿನಕ್ಕೆ ಇಬ್ಬರ ತಲೇಲೂ ಅದೇ. ಆ ಅಕ್ಕ ಬಾಗಿಲಲ್ಲಿ ನಿಂತ್ಕೊಂಡು ಬೈದಿದ್ದು ಇವತ್ತಿಗೂ ಕಿವೀಲಿದೆ, ಅಣ್ಣನಿಂದ ತಮ್ಮನಿಗೆ ಮನೇಲೇ ದಿಂಬಿನ ಮೇಲೂ ಅಂಟಿರಬೋದಿತ್ತು, ಆದ್ರೆ ಬಾಯಿ ಬಿಡೋ ಮುಖ ನಂಗೆ ಇರ್ಲಿಲ್ಲ. ಅದು ಹುಳುಕಡ್ಡಿ, ಫಂಗಸ್ಸು. ಮೈಮೇಲೆ ಬರೋದು ಎಲ್ಲರಿಗೂ ಗೊತ್ತು, ತಲೇಲೂ ಬರತ್ತೆ, ಅದೂ ಮಕ್ಕಳಿಗೇ ಜಾಸ್ತಿ. ಹುಳ ತಿಂದಿರೋ ಜಾಗ ನುಣ್ಣಗಿದ್ರೆ ಇದು ಒರಟು, ಪುಡಿ ಇರತ್ತೆ, ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆ ಥರ ಕಾಣ್ಬೋದು, ಕೆರೆತ ಇರತ್ತೆ. ಕೆಲವು ಮಕ್ಕಳಿಗೆ ಮೆತ್ತಗೆ ಊದ್ಕೊಂಡು ಕೀವು ತುಂಬತ್ತೆ, ಕುರು ಅನ್ಕೊಂಡು ಹಿಸುಕಬಾರದು, ಕೊಯ್ಯಲೂಬಾರದು, ತಡ ಮಾಡಿದ್ರೆ ಅಲ್ಲಿ ಕಲೆ ಉಳಿದು ಕೂದಲೇ ಬರದೆ ಹೋಗ್ಬೋದು. ಇದಕ್ಕೆ ಬರೀ ಮುಲಾಮು ಸಾಲಲ್ಲ, ಕೂದಲಿನ ಬುಡದೊಳಗೆ ಅದು ಇಳಿಯಲ್ಲ, ವಾರಗಟ್ಲೆ ಮಾತ್ರೆ ನುಂಗ್ಬೇಕು. ನಮ್ಮ ಜನ ಮೆಡಿಕಲ್ ಸ್ಟೋರಲ್ಲಿ ಕೇಳಿ ತರೋ ಟ್ಯೂಬಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಸೇರಿರತ್ತೆ, ಎರಡು ದಿನ ಕೆರೆತ ನಿಂತು ಆರಾಮ ಅನ್ಸತ್ತೆ, ಒಳಗೊಳಗೆ ಹರಡ್ಕೊಂಡು ಹೋಗತ್ತೆ. ಆವತ್ತಿಂದ ಇಂಥ ತಲೆ ಕಂಡ್ರೆ ಮಷಿನ್ ಮುಟ್ಟಲ್ಲ, "ಅಕ್ಕಾ ಮೊದ್ಲು ಡಾಕ್ಟ್ರಿಗೆ ತೋರಿಸ್ಕೊಂಡು ಬನ್ನಿ, ದುಡ್ಡಿಲ್ಲ ಅಂದ್ರೆ ಬೌರಿಂಗ್ ಆಸ್ಪತ್ರೆ ಓಪಿಡಿಗೆ ಹೋಗಿ" ಅಂತ ಕಳಿಸ್ತೀನಿ. ಒಂದು ಕಟಿಂಗ್ ಹೋಗತ್ತೆ, ಹೋಗ್ಲಿ.

ಹೇನು ಬಗ್ಗೆ ಹೇಳೋಕೇನಿದೆ, ಒಂದೇ ಮಾತು, ಹೊಟ್ಟು ಊದಿದ್ರೆ ಹಾರತ್ತೆ, ಸೀರು ಕೂದಲಿಗೆ ಅಂಟ್ಕೊಂಡಿರತ್ತೆ, ಉಗುರಲ್ಲಿ ಎಳೆದ್ರೇನೇ ಬರೋದು.

ಹೊಟ್ಟಿನ ವಿಷಯಕ್ಕೆ ನಮ್ಮನೇಲೇ ಜಗಳ. ತಲೆ ಒಣಗಿದೆ ಅದಕ್ಕೆ ಹೊಟ್ಟು, ಹರಳೆಣ್ಣೆ ತಟ್ಟು ಅಂತಾರೆ ನಮ್ಮತ್ತೆ. ಹೊಟ್ಟಿನ ಹಿಂದಿರೋ ಫಂಗಸ್ಸಿಗೆ ಜಿಡ್ಡೇ ಊಟ, ಎಣ್ಣೆ ಹಚ್ಕೊಂಡು ಮಲಗೋದು ಅಂದ್ರೆ ಅದಕ್ಕೆ ಬಾಳೆಲೆ ಹಾಸಿ ಬಡಿಸಿದ ಹಾಗೆ. ಜಾಸ್ತಿ ಇರೋರಿಗೆ ಹುಬ್ಬಲ್ಲಿ, ಮೂಗಿನ ಪಕ್ಕದಲ್ಲೂ ಹಳದಿ ಹಳದಿ ಪುಡಿ ಇರತ್ತೆ. ಅದೇ ದಪ್ಪಗೆ ಬೆಳ್ಳಿ ಬಣ್ಣದ ಪದರ ಪದರ, ಕೆಳಗೆ ಚರ್ಮ ಕೆಂಪು, ಕೂದಲಿನ ಗಡಿ ದಾಟಿ ಹಣೆಗೆ ಬಂದಿದ್ರೆ ಅದು ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆ ಇರಬೋದು. ಬಟ್ಟೆ ಹೊದಿಸೋಕ್ ಮುಂಚೆ ನಾನು ಸುಮ್ನೆ ಮೊಣಕೈಲೂ ಅದೇ ಇದ್ಯಾ ನೋಡ್ತೀನಿ, ಉಗುರಲ್ಲಿ ಸೂಜಿ ಚುಚ್ಚಿದ ಹಾಗೆ ಗುಳಿ ಇದ್ಯಾ ನೋಡ್ತೀನಿ. ಇದೇ ಇರೋ ಬಸ್ ಡ್ರೈವರ್ ಒಬ್ಬರು ಬರ್ತಾರೆ, ಮಧ್ಯಾಹ್ನ ಅಂಗಡಿ ಖಾಲಿ ಇರೋ ಹೊತ್ತಿಗೇ ಬರೋದು, ಯಾಕೆ ಅಂದ್ರೆ ಹಿಂದೆ ಬೇರೆ ಎಲ್ಲೋ ಚೇರಿಂದ ಎಬ್ಬಿಸಿ ಕಳಿಸಿದ್ರಂತೆ. ಇದೂ ಅಂಟಲ್ಲ. ಬಾಚಣಿಗೇಲಿ ಕೆರೆದು ಪದರ ಕೀಳಬಾರದು ಅಷ್ಟೇ, ಚರ್ಮ ಗಾಯ ಆದ ಕಡೆ ಹೊಸದಾಗಿ ಏಳತ್ತೆ.

ಇನ್ನು ಕೂದಲು ಉದುರೋದು, ಬೆಂಗಳೂರಲ್ಲಿ ಎಲ್ಲರದ್ದೂ ಒಂದೇ ಕಂಪ್ಲೇಂಟು, ಬೋರ್ ನೀರು. ಗಡಸು ನೀರಲ್ಲಿ ಕೂದಲು ಒರಟಾಗತ್ತೆ ಸರಿ, ಆದ್ರೆ ಹಣೆಯ ಎರಡು ಮೂಲೆ ಹಿಂದಕ್ಕೆ ಹೋಗಿ ನೆತ್ತಿ ಖಾಲಿ ಆಗಿ ಹಿಂದೆ ಮಾತ್ರ ಕಾಡು ಹಾಗೇ ಇದ್ರೆ, ನೀರು ಬರೀ ನೆತ್ತಿಗೆ ಮಾತ್ರ ಬೀಳ್ತಿತ್ತಾ ಸ್ವಾಮಿ? ಅದು ಅಪ್ಪ ಅಮ್ಮನ ಕಡೆಯಿಂದ ಬಂದ ಆಸ್ತಿ. ಇದ್ದಕ್ಕಿದ್ದ ಹಾಗೆ ತಲೆಯೆಲ್ಲಾ ಕೈತುಂಬ ಉದುರ್ತಿದೆ ಅಂದ್ರೆ ನಾನು ಕೇಳೋದೇ ಬೇರೆ, "ಎರಡು ಮೂರು ತಿಂಗಳ ಹಿಂದೆ ಜ್ವರ ಬಂದಿತ್ತಾ?" ಮಳೆಗಾಲದಲ್ಲಿ ಡೆಂಗ್ಯೂ ಬಂದೋರು ದೀಪಾವಳಿ ಹೊತ್ತಿಗೆ ಹಿಂಗೇ ಅಳ್ಕೊಂಡು ಬರ್ತಾರೆ, ಬಹಳಷ್ಟು ಜನಕ್ಕೆ ಕೆಲವು ತಿಂಗಳಲ್ಲಿ ತಾನಾಗೇ ಸರಿಹೋಗತ್ತೆ. ಆರೋಗ್ಯವಾಗಿರೋರಿಗೂ ದಿನಕ್ಕೆ 50ರಿಂದ 100 ಉದುರೋದು ಮಾಮೂಲಿ.

ನಮ್ಮ ಕಸುಬಿನ ತಪ್ಪೂ ಒಂದಿದೆ, ಹೇಳ್ಬಿಡ್ತೀನಿ. ಕತ್ತಿನ ಹಿಂದೆ ಲೈನ್ ಚೂಪಾಗಿ ಬರ್ಲಿ ಅಂತ ಬ್ಲೇಡಲ್ಲಿ ಒತ್ತಿ ಒತ್ತಿ ತೆಗೀತೀವಲ್ಲ, ಗುಂಗುರು ಕೂದಲಿನೋರಿಗೆ ಅಲ್ಲಿ ಗುಳ್ಳೆ ಎದ್ದು ಆಮೇಲೆ ಗಟ್ಟಿ ಗಂಟಾಗಿ ನಿಂತ್ಬಿಡತ್ತೆ. ಅಂಥವರಿಗೆ ಈಗ ಬ್ಲೇಡ್ ಹಾಕಲ್ಲ, ಮಷಿನಲ್ಲಿ ಸ್ವಲ್ಪ ಬಿಟ್ಟೇ ತೆಗೀತೀನಿ, "ಫಿನಿಶಿಂಗ್ ಸರಿಯಿಲ್ಲ" ಅಂತ ಬೈಸ್ಕೋತೀನಿ.

ಆ ಎಂಗೇಜ್‌ಮೆಂಟ್ ಹುಡುಗ ಮೂರು ತಿಂಗಳಾದ್ಮೇಲೆ ಬಂದ. ಡಾಕ್ಟ್ರು ಅಲ್ಲೇ ಸಣ್ಣ ಸಣ್ಣ ಇಂಜೆಕ್ಷನ್ ಕೊಟ್ಟಿದ್ರಂತೆ, ಆ ಜಾಗದಲ್ಲಿ ಈಗ ಬೆಳ್ಳಗೆ ಹತ್ತಿ ಥರ ಕೂದಲು. ಮೊದಲು ಬಿಳಿ ಬರೋದು ಉಂಟು, ಬಣ್ಣ ಆಮೇಲೆ ಹತ್ಕೊಳತ್ತೆ. ಡೈ ಹಾಕಿ ಅಣ್ಣಾ ಅಂದ, ಸದ್ಯಕ್ಕೆ ಬೇಡ ಅಂದೆ. "ಮದುವೆ ಹೊತ್ತಿಗೆ ಕಪ್ಪಾಗತ್ತಾ?"

"ಆಗ್ದಿದ್ರೆ ಏನ್ ಗುರು, ಪೇಟ ಇರತ್ತಲ್ಲ."